ಸಿವಿಕ್‌ಗೆ ನಾಲ್ಕು ಮೂಗು

ನನ್ನದು 2010ರ ಹೋಂಡಾ ಸಿವಿಕ್. 1.8 ಲೀಟರ್ ಪೆಟ್ರೋಲ್, ಮ್ಯಾನುವಲ್ ಗೇರು, 132 ಪಿಎಸ್ (ಅಶ್ವಶಕ್ತಿ). ಗಾಳಿ ತುರುಕುವ ಟರ್ಬೊ ಇಲ್ಲ, ಬೇಕಾದ ಗಾಳಿಯನ್ನು ಎಂಜಿನ್ನು ತಾನೇ ಎಳೆದುಕೊಳ್ಳಬೇಕು. 6,300 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6,300 ಸುತ್ತು ತಿರುಗುವಾಗ, ನಿಮಿಷಕ್ಕೆ ಹೆಚ್ಚುಕಡಿಮೆ 5,600 ಲೀಟರ್ ನುಂಗುತ್ತದೆ. ಗಾಳಿ ತಣ್ಣಗಿದ್ದಷ್ಟೂ ದಟ್ಟ. ದಟ್ಟವಿದ್ದಷ್ಟೂ ಆಮ್ಲಜನಕ ಜಾಸ್ತಿ, ಸುಡಬಹುದಾದ ಪೆಟ್ರೋಲೂ ಜಾಸ್ತಿ. 35 ಡಿಗ್ರಿ ಗಾಳಿಯ ಮುಂದೆ 60 ಡಿಗ್ರಿ ಗಾಳಿ ಶೇ. 7ಕ್ಕಿಂತ ಜಾಸ್ತಿ ತೆಳು. ಹೊರಗಿನ ತಣ್ಣನೆ ಗಾಳಿಯನ್ನು ಎಂಜಿನ್ನಿಗೆ ತರುವ ಕೋಲ್ಡ್ ಏರ್ ಇಂಟೇಕ್‌ನ ಗುಟ್ಟು ಇಷ್ಟೇ.

ಒಂದೂವರೆ ವರ್ಷದಲ್ಲಿ ನಾಲ್ಕು ಬಗೆಯ ಇಂಟೇಕ್ ಹಾಕಿ ನೋಡಿದೆ. ಒಳಹೋಗುವ ಗಾಳಿಯ ಬಿಸಿ ನೋಡಲು ಗಾಡಿಯ ಕಂಪ್ಯೂಟರಿನ ಲೆಕ್ಕ ಓದಲು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಇತ್ತು. ಓಟಕ್ಕೆ ಕುಣಿಗಲ್ ಕಡೆಯ ಹೆದ್ದಾರಿ, ಬೆಳಗ್ಗೆ ಆರು ಗಂಟೆ, ಮೂರನೇ ಗೇರಿನಲ್ಲಿ ಗಂಟೆಗೆ 60 ಕಿ.ಮೀ.ನಿಂದ 100ಕ್ಕೆ. ಸ್ಟಾಪ್‌ವಾಚ್ ಒತ್ತಿದ್ದು ಭಾವಮೈದ. ಅವನ ಹೆಬ್ಬೆರಳಿಗೆ 0.2 ಸೆಕೆಂಡು ಬಿಟ್ಟುಕೊಡಿ.

ಮೊದಲು ಕಂಪನಿಯ ಕಪ್ಪು ಡಬ್ಬಿ, ಒಳಗೆ ಪೇಪರ್ ಫಿಲ್ಟರ್. 7.4 ಸೆಕೆಂಡು. ಹೊರಗೆ 32 ಡಿಗ್ರಿ ಇದ್ದ ಮಧ್ಯಾಹ್ನ, ಊರೊಳಗಿನ ಟ್ರಾಫಿಕ್‌ನಲ್ಲಿ ಒಳಗಾಳಿ 41. ಇದನ್ನು ಎಲ್ಲರೂ ಬೈಯುತ್ತಾರೆ. ಆದರೆ ಡಬ್ಬಿ ಮುಚ್ಚಿರುತ್ತದೆ, ಅದರ ಬಾಯಿ ಎಂಜಿನ್ನಿನ ಬಿಸಿಯಿಂದ ದೂರ ಇರುತ್ತದೆ. ಇದೂ ಒಂದು ಕೋಲ್ಡ್ ಏರ್ ಇಂಟೇಕೇ ಅಲ್ವಾ? ಸದ್ದು ಮಾಡುವುದಿಲ್ಲ, ಅಷ್ಟೇ.

ಎರಡನೆಯದು ಅದೇ ಡಬ್ಬಿಯೊಳಗೆ ಕೂರುವ, ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್. ಮತ್ತೆ 7.4. ತೊಳೆದು ಬಳಸಬಹುದು ಅನ್ನುವುದೊಂದೇ ಲಾಭ. ತೊಳೆದ ಮೇಲೆ ನಾನು ದೋಸೆ ಹೆಂಚಿಗೆ ಸವರಿದ ಹಾಗೆ ಎಣ್ಣೆ ಸುರಿದೆ. ಅದು ಗಾಳಿ ಅಳೆಯುವ ಸೆನ್ಸರ್‌ನ ಕೂದಲಿನಂಥ ತಂತಿಗೆ ಮೆತ್ತಿಕೊಂಡಿತು. ವಾರದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು. ತಪ್ಪು ಫಿಲ್ಟರಿನದಲ್ಲ, ನನ್ನದು.

ಮೂರನೆಯದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಕೋನ್ ಫಿಲ್ಟರ್. ಡಬ್ಬಿ ಕಿತ್ತು, ಗಿಡ್ಡ ಪೈಪಿನ ತುದಿಗೆ ಬಾನೆಟ್ಟಿನೊಳಗೇ ಬಿಡುವುದು. ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಬಂದ ಗೊರಗೊರ ಸದ್ದಿಗೆ ಇಬ್ಬರೂ ನಕ್ಕುಬಿಟ್ಟೆವು. ಗಾಡಿ ಹಾರಿದ ಹಾಗೇ ಅನಿಸಿತು. ವಾಚ್ ನೋಡಿದರೆ 7.5! ಸದ್ದು ಎಲ್ಲಿಂದ ಬಂತು ಅಂದರೆ, ಕಂಪನಿಯವರು ಅದನ್ನು ನುಂಗಲೆಂದೇ ಪೈಪಿನ ಜೊತೆ ಖಾಲಿ ಗೂಡುಗಳನ್ನು ಇಟ್ಟಿರುತ್ತಾರೆ. ಅವನ್ನು ತೆಗೆದೆವು, ಕೇಳಿಸಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಒಳಗಾಳಿ 63 ಡಿಗ್ರಿ ತೋರಿಸಿತು. ರೇಡಿಯೇಟರ್ ಊದಿದ ಬಿಸಿಯನ್ನೇ ಎಂಜಿನ್ನು ಮತ್ತೆ ಕುಡಿಯುತ್ತಿತ್ತು. ಹಸಿರು ಬಿದ್ದ ಮೇಲೆ ಎಳೆತವೇ ಇಲ್ಲ. ಒಂದು ದಿನ ಟೋಲ್ ಸಾಲಿನಲ್ಲಿ ಕಾದು, ಹೊರಬಿದ್ದ ಕೂಡಲೇ ಅಳೆದೆವು: 7.8. ಗಾಡಿ ಓಡುತ್ತಿದ್ದರೆ ಬಿಸಿ ಇಳಿಯುತ್ತದೆ, ನಿಜ. ಆದರೆ ಬೆಂಗಳೂರಿನಲ್ಲಿ ಗಾಡಿ ಓಡುವುದು ಯಾವಾಗ?

ನಾಲ್ಕನೆಯದು ಅಸಲಿ ಕೋಲ್ಡ್ ಏರ್ ಇಂಟೇಕ್. ಉದ್ದನೆಯ ಅಲ್ಯೂಮಿನಿಯಂ ಪೈಪು ಕೆಳಗಿಳಿದು, ಬಂಪರಿನ ಹಿಂದೆ, ಫಾಗ್ ಲ್ಯಾಂಪಿನ ಹತ್ತಿರ ಫಿಲ್ಟರ್ ಕೂರುತ್ತದೆ. ಬಂಪರ್ ಬಿಚ್ಚದೆ ಕೂರಿಸಲು ಆಗುವುದಿಲ್ಲ, ಅರ್ಧ ದಿನದ ಕೆಲಸ. ಸೆನ್ಸರ್ ಕೂರುವ ಕಡೆ ಪೈಪಿನ ಅಗಲ ಬೇರೆಯಾದರೆ ಗಾಡಿಯ ಕಂಪ್ಯೂಟರ್ ಗಾಳಿಯ ಲೆಕ್ಕ ತಪ್ಪುತ್ತದೆ. ಹಾಗಾಗಿ ಈ ಮಾಡೆಲ್ಲಿಗೇ ಮಾಡಿದ ಪೈಪು ತರಿಸಿದೆ. ಅದೇ ಟ್ರಾಫಿಕ್‌ನಲ್ಲಿ 37 ಡಿಗ್ರಿ. ಮೂರು ಓಟದಲ್ಲೂ 7.1 ಇಲ್ಲವೇ 7.2. ಹೆಬ್ಬೆರಳಿನ ತಪ್ಪು ಕಳೆದರೆ ಉಳಿಯುವುದು ಚೂರೇ ಚೂರು, ಆದರೆ ಮೂರೂ ಸಲ ಕಡಿಮೆಯೇ ಬಂತು. 4,500 ಆರ್‌ಪಿಎಂ ದಾಟಿದ ಮೇಲೆ ಎಳೆತ ನಿಜವಾಗಿಯೂ ಗೊತ್ತಾಗುತ್ತದೆ. ನಾಲ್ಕರಲ್ಲಿ ಗೆದ್ದಿದ್ದು ಇದೇ, ಅನುಮಾನವೇ ಬೇಡ.

ಆಮೇಲೆ ಮಳೆ ಬಂತು. ಒಂದು ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ಮುಂದಿನ ಆಟೊ ಹಾಯಾಗಿ ದಾಟಿತು. ನನ್ನ ಫಿಲ್ಟರ್ ಇದ್ದದ್ದು ಆ ನೀರಿನ ಮಟ್ಟಕ್ಕಿಂತ ಕೆಳಗೆ. ಗಾಳಿಯನ್ನು ಪಿಸ್ಟನ್ನು ಅದುಮಬಹುದು, ನೀರನ್ನು ಆಗುವುದಿಲ್ಲ. ಲೋಟದಷ್ಟು ಒಳಹೋದರೂ ಸಾಕು, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಫಿಲ್ಟರ್ ಮುಳುಗಿದರೆ ಮೇಲಿನಿಂದ ಗಾಳಿ ಕೊಡುವ ಬೈಪಾಸ್ ವಾಲ್ವ್ ಸಿಗುತ್ತದೆ. ಹಿಂದಿನವರ ಹಾರ್ನ್ ಕೇಳುತ್ತಾ ರಿವರ್ಸ್ ತೆಗೆಯುವಾಗ ಅದು ನನ್ನ ಗಾಡಿಯಲ್ಲಿರಲಿಲ್ಲ.

ಆ ಭಾನುವಾರವೇ ಬಿಚ್ಚಿದೆ. ಈಗ ಗಾಡಿಯಲ್ಲಿರುವುದು ಕಪ್ಪು ಡಬ್ಬಿ, ಪೇಪರ್ ಫಿಲ್ಟರ್. ಪೈಪು ಅಟ್ಟದ ಮೇಲಿದೆ. ಭಾವಮೈದ ನನಗೆ ಕೊಡಿ ಅಂತ ಹಿಂದೆ ಬಿದ್ದಿದ್ದಾನೆ. "ಚಿತ್ರದುರ್ಗದಲ್ಲಿ ಮಳೆ ಎಲ್ಲಿ ಬರುತ್ತೆ ಭಾವ?" ಅವನದು ಸ್ವಿಫ್ಟ್, ಇದು ಕೂರಲ್ಲ ಅಂದರೂ ಕೇಳುತ್ತಿಲ್ಲ.