ಮಹಾನಗರದಲ್ಲಿ ಸ್ವಂತ ಕಾರು: ಇಟ್ಟುಕೊಳ್ಳುವುದೇ, ಮಾರುವುದೇ?

ಕಾರನ್ನು ಉಳಿಸಿಕೊಳ್ಳುವುದೋ, ಮಾರಿ ಮೆಟ್ರೋ, ಬಸ್ಸು, ಟ್ಯಾಕ್ಸಿಗಳನ್ನು ನೆಚ್ಚುವುದೋ, ಅಥವಾ ಬೇಕೆಂದಾಗ ಮಾತ್ರ ಬಾಡಿಗೆ ಕಾರು ಪಡೆಯುವುದೋ ಎಂದು ಯೋಚಿಸುವಾಗ ಅನೇಕರು ಇಂಧನದ ಖರ್ಚನ್ನಷ್ಟೇ ಲೆಕ್ಕ ಹಾಕಿ ಎಡವುತ್ತಾರೆ. ವಿಮೆ, ನಿಲುಗಡೆಯ ಬಾಡಿಗೆ, ವರ್ಷವರ್ಷವೂ ಕುಸಿಯುವ ಮರುಮಾರಾಟದ ಬೆಲೆ ಇವೆಲ್ಲ ಕಾರು ಓಡಲಿ, ಬಿಡಲಿ, ತಪ್ಪಿದ್ದಲ್ಲ. ಈ ಸ್ಥಿರ ವೆಚ್ಚವನ್ನು ಕೂಡಿಸಿ, ವರ್ಷದಲ್ಲಿ ಕಾರು ಬಳಸಿದ ದಿನಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು; ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವವರ ಪಾಲಿಗೆ ಆ ಸಂಖ್ಯೆ ಕೇವಲ 52 ಆಗಿರುವುದರಿಂದ, ಬಾಡಿಗೆ ಕಾರೇ ಅಗ್ಗವೆನಿಸಬಹುದು.

ನಿಂತ ಕಾರು ಸವೆಯದು ಎಂಬುದೂ ಭ್ರಮೆಯೇ. ವಾರಗಟ್ಟಲೆ ಚಾಲನೆಯಿಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕ್‌ಗೆ ತುಕ್ಕು ಹಿಡಿಯುತ್ತದೆ, ಓಡದಿದ್ದರೂ ವರ್ಷ ಕಳೆದಂತೆ ಟಯರಿನ ರಬ್ಬರು ಗಡುಸಾಗುತ್ತದೆ.

ಸಮಯದ ಮಟ್ಟಿಗೆ, ದಟ್ಟಣೆಯ ವೇಳೆಯಲ್ಲಿ ತನ್ನದೇ ಹಳಿಯಿರುವ ಮೆಟ್ರೋ ಮುಂದು. ಆದರೆ ನಿಲ್ದಾಣ ದೂರವಿದ್ದರೆ ಅಥವಾ ಎರಡು ಬಾರಿ ಬದಲಿಸಬೇಕಾದರೆ ಆ ಲಾಭ ಕರಗುತ್ತದೆ. (ನಿಲುಗಡೆಗೆ ಜಾಗ ಹುಡುಕಿದ ನಿಮಿಷಗಳನ್ನು ಕಾರಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.)

ನಡೆಯಲಾರದ ಹಿರಿಯರಿರುವ ಮನೆಗೆ, ರಾತ್ರಿ ಪಾಳಿಯವರಿಗೆ, ಪ್ರತಿ ಬಾಡಿಗೆ ಕಾರಿಗೂ ಮಗುವಿನ ಆಸನವನ್ನು ಹೊಸದಾಗಿ ಬಿಗಿಯಬೇಕಾದ ತಂದೆತಾಯಿಗೆ ಸ್ವಂತ ಕಾರಿನ ಅನುಕೂಲ ವೆಚ್ಚವನ್ನೂ ಮೀರಿದ್ದು. ನಿಲ್ದಾಣದ ಸಮೀಪವಿದ್ದು, ಕಚೇರಿಯೂ ಅದೇ ಮಾರ್ಗದಲ್ಲಿರುವವರು ಮಾರಬಹುದು. ರಜೆಯಲ್ಲಷ್ಟೇ ಊರಾಚೆ ಹೋಗುವವರಿಗೆ ಬಾಡಿಗೆ ಸಾಕು, ಹಬ್ಬದ ದಿನಗಳಿಗೆ ಮಾತ್ರ ಮುಂಗಡವಾಗಿ ಕಾಯ್ದಿರಿಸಬೇಕು. ಸಂದೇಹ ಉಳಿದರೆ, ಮಾರುವ ಮುನ್ನ ಒಂದು ತಿಂಗಳು ಕೀಲಿಯನ್ನು ಮುಟ್ಟದೆ ಇದ್ದು ನೋಡುವುದು ನನ್ನ ಸಲಹೆ.