ಟರ್ಟಲ್ ರಾಕ್‌ನ ಸರಪಳಿ ಬಿಗಿದ ಶತ್ರು

ನಿಂಟೆಂಡೊ 1991ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದಿ ಪಾಸ್ಟ್’ ವಿಡಿಯೊ ಆಟದ ಶತ್ರುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಟರ್ಟಲ್ ರಾಕ್ ಎಂಬ ಡಂಜನ್‌ನ (ಶತ್ರುಗಳೂ ಒಗಟುಗಳೂ ತುಂಬಿದ ಕೋಣೆಗಳ ಜಾಲದ) ಚೈನ್ ಚಾಂಪ್. ಒಂದೇ ನೆಲೆಗೆ ಬಿಗಿದ ಸರಪಳಿಯ ಅಳತೆಯೊಳಗೆ ಪುಟಿಯುತ್ತಿರುವ ಈ ಜೀವಿ ಇದ್ದಕ್ಕಿದ್ದಂತೆ ಆಟಗಾರನತ್ತ ನುಗ್ಗುತ್ತದೆ, ಸರಪಳಿ ಮುಗಿದಲ್ಲಿ ತಡೆದು ನಿಲ್ಲುತ್ತದೆ. ಕತ್ತಿಯ ಹೊಡೆತ ಅದಕ್ಕೆ ತಾಗದ ಕಾರಣ, ಕೊಲ್ಲುವ ಯೋಚನೆಯನ್ನು ಬಿಟ್ಟು, ಅದು ಎಲ್ಲಿಯವರೆಗೆ ಎಟುಕಬಲ್ಲದೆಂಬುದನ್ನು ಕಣ್ಣಳತೆಯಲ್ಲೇ ಅಂದಾಜಿಸಿ, ಸಮಯ ನೋಡಿ ದಾಟಬೇಕಾಗುತ್ತದೆ; ಶತ್ರುವಿನ ಬಲಕ್ಕಿಂತ ಅದರ ಮಿತಿಯನ್ನೇ ಕೋಣೆಯ ಒಗಟಾಗಿಸಿರುವ ಈ ವಿನ್ಯಾಸ ನಿಜಕ್ಕೂ ಶ್ಲಾಘನೀಯ. 1988ರ ‘ಸೂಪರ್ ಮಾರಿಯೊ ಬ್ರದರ್ಸ್ 3’ರಲ್ಲಿ ಇದೇ ಜೀವಿ, ಬಹಳ ಹೊತ್ತು ಹತ್ತಿರವೇ ನಿಂತಿದ್ದರೆ, ಸರಪಳಿಯನ್ನು ಕಡಿದುಕೊಂಡು ಹೊರಬೀಳುತ್ತಿತ್ತು. ಅದನ್ನು ಬಲ್ಲ ಆಟಗಾರರಿಗೆ ಇಲ್ಲಿನ ಕೋಣೆ ಇನ್ನಷ್ಟು ಆತಂಕಕಾರಿಯಾಗಿ ತೋರುತ್ತದೆ.