ಏಳು ವರ್ಷ ಬಳಸಿದ ಮೈಕ್ ಕೇಬಲ್, ಕ್ಯಾನನ್ ಪಿನ್, ಸ್ಪೀಕಾನ್: ಯಾವುದು ಉಳಿಯಿತು, ಯಾವುದು ಹೋಯಿತು

ಬಸವನಗುಡಿ ಕಡೆ ನಮ್ಮದೊಂದು ಸಣ್ಣ ಸೌಂಡ್ ಸೆಟ್ ಇದೆ. ಸಂಗೀತ ಕಚೇರಿ, ಭಾವಗೀತೆ, ನಾಟಕ, ಶಾಲೆಯ ವಾರ್ಷಿಕೋತ್ಸವ, ಇವೇ ನಮ್ಮ ಹೆಚ್ಚಿನ ಕೆಲಸ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವ ತನಕ ಒಂದು ದಿನವೂ ಬಿಡುವಿಲ್ಲ. 2018ರಲ್ಲಿ ಹಬ್ಬಕ್ಕೆ ಮುಂಚೆ ಹಳೆಯ ವೈರುಗಳನ್ನೆಲ್ಲ ತೆಗೆದುಹಾಕಿ, ಮೈಕಿನಿಂದ ಸ್ಪೀಕರ್‌ವರೆಗೆ ಎಲ್ಲ ಹೊಸದಾಗಿ ಕಟ್ಟಿಕೊಂಡೆ. ಕೊಂಡ ವಾರದಲ್ಲಿ ಯಾವ ಕೇಬಲ್ ಆದರೂ ಚೆನ್ನಾಗಿಯೇ ಇರುತ್ತದೆ. ಏಳು ಮಳೆಗಾಲ ಕಳೆದ ಮೇಲೆ ಹೇಗಿದೆ ಅನ್ನುವುದು ಮುಖ್ಯ ಅಲ್ವಾ? ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೈಕ್ ಕೇಬಲ್ ಒಟ್ಟು 40. ಇಪ್ಪತ್ತು ನಾನೇ ಕೂತು ಮಾಡಿದ್ದು. ಕೆನಾರೆ ಕಂಪನಿಯ ಎಲ್-4ಇ6ಎಸ್ ಕೇಬಲ್, ಎರಡೂ ತುದಿಗೆ ನ್ಯೂಟ್ರಿಕ್ ಕಂಪನಿಯ ಎಕ್ಸ್‌ಎಕ್ಸ್ ಸರಣಿಯ ಪಿನ್. ಎಕ್ಸ್‌ಎಲ್‌ಆರ್ ಅಂತ ಅದರ ಹೆಸರು, ನಮ್ಮ ಲೈನಿನಲ್ಲಿ ಎಲ್ಲರೂ ಕ್ಯಾನನ್ ಪಿನ್ ಅಂತಲೇ ಕರೆಯುತ್ತಾರೆ. ಉಳಿದ ಇಪ್ಪತ್ತು ಎಸ್‌ಪಿ ರೋಡಿನಲ್ಲಿ ಕೊಂಡ ರೆಡಿಮೇಡ್ ಕೇಬಲ್. ಮೇಲೆ ಯಾವ ಹೆಸರೂ ಇಲ್ಲ, ಬೆಲೆ ಮಾತ್ರ ಮೂರರಲ್ಲಿ ಒಂದು ಭಾಗ. ಕೈಯಲ್ಲಿದ್ದ ದುಡ್ಡು ಅಷ್ಟಕ್ಕೇ ಮುಗಿದಿತ್ತು, ಹಾಗಾಗಿ ಅರ್ಧ ಅದು, ಅರ್ಧ ಇದು. ಅದರಿಂದ ಒಂದು ಒಳ್ಳೆಯದಾಯಿತು. ಎರಡು ಥರದ ಕೇಬಲ್ಲೂ ಒಂದೇ ಗಾಡಿಯಲ್ಲಿ, ಅದೇ ಹುಡುಗರ ಕೈಯಲ್ಲಿ, ಅದೇ ಸ್ಟೇಜುಗಳ ಮೇಲೆ ಏಳು ವರ್ಷ ಓಡಾಡಿವೆ.

ರಿಪೇರಿ ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನಮ್ಮ ತಂದೆಯಿಂದ ಬಂದ ಅಭ್ಯಾಸ. ತೆಗೆದು ನೋಡಿದೆ. ನಾನು ಮಾಡಿದ ಇಪ್ಪತ್ತರಲ್ಲಿ ನಾಲ್ಕಕ್ಕೆ ಮಾತ್ರ ರಿಪೇರಿ ಬಂದಿದೆ. ಇಪ್ಪತ್ತೂ ಈಗಲೂ ಕೆಲಸ ಮಾಡುತ್ತಿವೆ. ರೆಡಿಮೇಡ್‌ನಲ್ಲಿ ಮೂರನೇ ವರ್ಷಕ್ಕೇ ಹದಿಮೂರು ಕೈಕೊಟ್ಟಿದ್ದವು, ಈಗ ಉಳಿದಿರುವುದು ಐದು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ ವಿಷಯ. ಎಲ್ಲಿ ಕೆಟ್ಟಿತು ಅಂತಲೂ ಅಪ್ಪ ಬರೆಸುತ್ತಿದ್ದರು. ಒಂದೇ ಒಂದು ಬಿಟ್ಟು ಎಲ್ಲ ಕೇಬಲ್ಲೂ ಕೆಟ್ಟಿರುವುದು ತುದಿಯಲ್ಲಿ, ಪಿನ್ನಿನಿಂದ ನಾಲ್ಕು ಬೆರಳಿನೊಳಗೆ. ಬಿಟ್ಟುಹೋದ ಆ ಒಂದನ್ನು ಗೋಡೌನಿನಲ್ಲಿ ಇಲಿ ಕಡಿದಿತ್ತು.

2019ರ ಏಪ್ರಿಲ್, ರಾಮನವಮಿ ಸಮಯ. ಒಂದು ಬಡಾವಣೆಯ ಪೆಂಡಾಲಿನಲ್ಲಿ ಕಚೇರಿ. ಪಿಟೀಲಿಗೆ ಕಂಡೆನ್ಸರ್ ಮೈಕ್ ಇಟ್ಟಿದ್ದೆ. ಆಲಾಪನೆ ಶುರುವಾಗಿ ಎರಡು ನಿಮಿಷಕ್ಕೆ ಸ್ಪೀಕರಿನಲ್ಲಿ ‘ಢಬ್’ ಅಂತ ಒಂದು ಸದ್ದು, ಆಮೇಲೆ ಪಿಟೀಲೇ ಇಲ್ಲ. ವಿದ್ವಾಂಸರು ಕೈ ನಿಲ್ಲಿಸದೆ ನನ್ನ ಕಡೆ ನೋಡಿದರು. ನಾನು ಬಗ್ಗಿಕೊಂಡು ಹೋಗಿ, ಮೈಕ್ ಕೆಟ್ಟಿದೆ ಅಂದುಕೊಂಡು, ಅದೇ ಕೇಬಲ್ಲಿಗೆ ಒಂದು ಡೈನಮಿಕ್ ಮೈಕ್ ಸಿಕ್ಕಿಸಿದೆ. ತಕ್ಷಣ ಬಂತು. ಕಚೇರಿ ಮುಗಿದ ಮೇಲೆ ಅವರೇ ಕರೆದು, “ಏನಪ್ಪಾ, ಮೈಕ್ ಹೋಯ್ತಾ?” ಅಂದರು. “ಹೂಂ ಸಾರ್, ನಾಳೆ ನೋಡ್ತೀನಿ, ಕ್ಷಮಿಸಿ” ಅಂದೆ. ಮನೆಗೆ ಬಂದು ನೋಡಿದರೆ ಮೈಕಿಗೆ ಏನೂ ಆಗಿರಲಿಲ್ಲ.

ಆ ರೆಡಿಮೇಡ್ ಕೇಬಲ್ಲಿನ ಪಿನ್ ಬಿಚ್ಚಿ, ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದು ನೋಡಿದೆ. ಕೆಂಪು, ಬಿಳಿ ಎರಡು ಒಳವೈರು ಗಟ್ಟಿಯಾಗಿವೆ. ಅವುಗಳ ಸುತ್ತ ಹೊದಿಕೆಯ ಹಾಗಿರುವ ಶೀಲ್ಡ್ ವೈರು ಮಾತ್ರ ಬೆಸುಗೆಯ ಬುಡದಲ್ಲಿ ಕಟ್ಟಾಗಿದೆ. ಕತ್ತರಿಸಿದ ಹಾಗಲ್ಲ. ಒಂದೊಂದೇ ಎಳೆ ಮುರಿದು, ಕೊನೆಯದೊಂದು ಎಳೆ ಸೀಸಕ್ಕೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಕೇಬಲ್ಲನ್ನು ಹಿಡಿದುಕೊಳ್ಳಬೇಕಾದ ಕ್ಲ್ಯಾಂಪು ಬರೀ ತಗಡಿನ ಎರಡು ಕಿವಿ. ಅದರಲ್ಲಿ ಕೇಬಲ್ಲು ಆರಾಮವಾಗಿ ಹಿಂದೆ ಮುಂದೆ ಜಾರುತ್ತಿತ್ತು. ಅಂದರೆ ಯಾರಾದರೂ ವೈರು ಎಳೆದಾಗಲೆಲ್ಲ ಆ ಭಾರ ಹೋಗಿದ್ದು ಬೆಸುಗೆಯ ಮೇಲೆ. ಪಾಪ, ಅದು ಏಳೆಂಟು ತಿಂಗಳು ತಡೆದಿದ್ದೇ ಹೆಚ್ಚು.

ಡೈನಮಿಕ್ ಮೈಕ್ ಅದೇ ಕೇಬಲ್ಲಿನಲ್ಲಿ ಯಾಕೆ ಹಾಡಿತು ಅಂದರೆ, ಕ್ಯಾನನ್‌ನಲ್ಲಿ ಒಳಗೆ ಮೂರು ಸಣ್ಣ ಪಿನ್ ಇರುತ್ತವೆ: 1ನೇ ಪಿನ್ ಶೀಲ್ಡು, 2 ಮತ್ತು 3ರಲ್ಲಿ ಸದ್ದು. ಒಂದೇ ಸದ್ದು ಎರಡು ವೈರಿನಲ್ಲಿ ತಿರುವುಮುರುವಾಗಿ ಹೋಗುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿಕೊಂಡ ಗಲೀಜು ಸದ್ದು ಅಲ್ಲೇ ಹೊಡೆದುಹೋಗುತ್ತದೆ. ಡೈನಮಿಕ್ ಮೈಕಿಗೆ ಹೊರಗಿನ ಕರೆಂಟು ಬೇಡ, ಹಾಗಾಗಿ 1ನೇ ಪಿನ್ ಇಲ್ಲದಿದ್ದರೂ ನಡೆಯುತ್ತದೆ. ಕಂಡೆನ್ಸರ್ ಮೈಕಿಗೆ ಹಾಗಲ್ಲ. ಅದಕ್ಕೆ ಮಿಕ್ಸರ್ ಅದೇ ಕೇಬಲ್ಲಿನಲ್ಲಿ ಕಳಿಸುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್ ಬೇಕು. ಆ ಕರೆಂಟು 2, 3ರಲ್ಲಿ ಹೋಗಿ 1ರಲ್ಲಿ ವಾಪಸ್ ಬರಬೇಕು. 1 ಕಟ್ಟಾದರೆ ಮೈಕ್ ಸತ್ತ ಹಾಗೆ. ಅವತ್ತಿಂದ ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ಡೈನಮಿಕ್ ಬರುತ್ತದೆ, ಕಂಡೆನ್ಸರ್ ಬರುವುದಿಲ್ಲ ಅಂದರೆ ಮೊದಲು 1ನೇ ಪಿನ್ ನೋಡಿ. ಡೈನಮಿಕ್ ಮೈಕಿನ ದನಿ ಬೇಸ್ ಇಲ್ಲದೆ ತೆಳ್ಳಗೆ, ತಗಡಿನ ಹಾಗೆ ಕೇಳಿದರೆ 2 ಅಥವಾ 3 ಹೋಗಿರುತ್ತದೆ.

ನ್ಯೂಟ್ರಿಕ್ ಪಿನ್ನಿಗೆ ನಾನು ದುಡ್ಡು ಕೊಡುವುದು ಈ ಹಿಡಿತಕ್ಕಾಗಿ. ಒಳಗೆ ಹಲ್ಲಿರುವ ಪ್ಲಾಸ್ಟಿಕ್ ಚಕ್ ಒಂದಿದೆ. ಪಿನ್ನಿನ ಹಿಂದಿನ ಮುಚ್ಚಳ, ಅಂದರೆ ಬೂಟ್ ತಿರುಗಿಸಿ ಬಿಗಿ ಮಾಡಿದ ಹಾಗೆ ಅದು ಕೇಬಲ್ಲನ್ನು ಸುತ್ತಲಿಂದಲೂ ಕಚ್ಚಿಕೊಳ್ಳುತ್ತದೆ. ಸಣ್ಣ ಸ್ಕ್ರೂ ಇಲ್ಲ, ಕಳೆದುಹೋಗುವ ಭಯವೂ ಇಲ್ಲ. ಬೆಸುಗೆಗೆ ಮುಂಚೆ ಬೂಟನ್ನು ಕೇಬಲ್ಲಿಗೆ ಏರಿಸಿಕೊಳ್ಳುವುದನ್ನು ಮರೆಯಬೇಡಿ, ಮರೆತರೆ ಎಲ್ಲ ಬಿಚ್ಚಿ ಮತ್ತೆ ಮಾಡಬೇಕು. ಚಿನ್ನದ ಲೇಪದ ಪಿನ್ನೂ ಬರುತ್ತದೆ. ಸದ್ದಿನಲ್ಲಿ ನನಗೆ ಯಾವ ವ್ಯತ್ಯಾಸವೂ ಕೇಳಿಲ್ಲ. ಆದರೆ ಬೆಳ್ಳಿ ಲೇಪ ಕಪ್ಪಾಗುತ್ತದೆ, ಚಿನ್ನ ಕಪ್ಪಾಗುವುದಿಲ್ಲ. ಒಂದೇ ಕಡೆ ತಿಂಗಳುಗಟ್ಟಲೆ ಹಾಕಿಡುವ ಕನೆಕ್ಷನ್ ಇದ್ದರೆ ಚಿನ್ನ ತೆಗೆದುಕೊಳ್ಳಿ. ದಿನಾ ಹಾಕಿ ತೆಗೆಯುವವರಿಗೆ ಬೆಳ್ಳಿ ಸಾಕು. ದುಡ್ಡು ಅಷ್ಟಿಲ್ಲ ಅನ್ನುವವರು ಅದೇ ಕಂಪನಿಯ ರೀನ್ ಪಿನ್ ನೋಡಬಹುದು. ಆರು ಜೊತೆ ನನ್ನಲ್ಲಿವೆ, ನಾಲ್ಕು ವರ್ಷವಾದರೂ ದೂರಿಲ್ಲ.

ಕೆನಾರೆ ಕೇಬಲ್ಲಿನ ವಿಶೇಷ ಅದು ಸ್ಟಾರ್ ಕ್ವಾಡ್ ಅನ್ನುವುದು. ಎರಡರ ಬದಲು ನಾಲ್ಕು ಒಳವೈರು, ಒಟ್ಟಿಗೆ ಹುರಿ ಮಾಡಿರುತ್ತಾರೆ. ಒಂದೊಂದರಲ್ಲೂ ಕೂದಲಿಗಿಂತ ಹೆಚ್ಚೇನೂ ದಪ್ಪವಿಲ್ಲದ 40 ಎಳೆ. ಅದಕ್ಕೇ ಹಗ್ಗದ ಹಾಗೆ ಮೆತ್ತಗೆ ಮಲಗುತ್ತದೆ, ಚಳಿಗಾಲದ ರಾತ್ರಿಯಲ್ಲೂ ಸೆಟೆದುಕೊಳ್ಳುವುದಿಲ್ಲ. ಇದರ ಬೆಲೆ ಗೊತ್ತಾಗುವುದು ಲೈಟಿನ ಡಿಮ್ಮರ್ ಪಕ್ಕದಲ್ಲಿ. ಒಂದು ನಾಟಕಕ್ಕೆ ಡಿಮ್ಮರ್ ಪೆಟ್ಟಿಗೆಯನ್ನು ಸ್ಟೇಜಿನ ಬದಿಯಲ್ಲೇ ಇಟ್ಟಿದ್ದರು, ನಮ್ಮ ಕೇಬಲ್ ಹೋಗುವ ದಾರಿಯೂ ಅದೇ. ರೆಡಿಮೇಡ್ ಕೇಬಲ್ ಹಾಕಿದ ಮೈಕಿನಲ್ಲಿ ಲೈಟು ಅರ್ಧಕ್ಕೆ ಇಳಿದಾಗಲೆಲ್ಲ ‘ಜುಂಯ್’ ಅನ್ನುತ್ತಿತ್ತು. ಕೇಬಲ್ ಬದಲಾಯಿಸಿದೆ, ಸದ್ದು ಹೆಚ್ಚುಕಡಿಮೆ ಹೋಯಿತು. ತೊಂದರೆ ಅಂದರೆ ಬೆಸುಗೆಗೆ ತುಂಬಾ ಸಮಯ ಹಿಡಿಯುತ್ತದೆ. ಹೆಣೆದ ಶೀಲ್ಡನ್ನು ಜಡೆ ಬಿಚ್ಚಿದ ಹಾಗೆ ಬಿಚ್ಚಬೇಕು, ನಾಲ್ಕು ವೈರನ್ನು ಒಂದೇ ಬಣ್ಣದವು ಜೊತೆ ಮಾಡಿ ಸೇರಿಸಬೇಕು. ಒಂದು ಕೇಬಲ್ಲಿಗೆ ನನಗೆ ಮುಕ್ಕಾಲು ಗಂಟೆ. ಡಿಮ್ಮರ್, ದೊಡ್ಡ ಜನರೇಟರ್ ಇಲ್ಲದ ಕಡೆ ಕೆಲಸ ಮಾಡುವವರಿಗೆ ಎರಡು ವೈರಿನ ಒಳ್ಳೆಯ ಕೇಬಲ್ಲೇ ಸಾಕು. ಶೀಲ್ಡ್ ಮಾತ್ರ ಹೆಣೆದದ್ದೋ ಸುತ್ತಿದ್ದೋ ಆಗಿರಲಿ. ಫಾಯಿಲ್ ಶೀಲ್ಡ್ ಗೋಡೆಯೊಳಗೆ ಹಾಕಿ ಬಿಡುವುದಕ್ಕೆ ಸರಿ, ದಿನಾ ಸುತ್ತಿ ಬಿಚ್ಚಿದರೆ ಹರಿದುಹೋಗುತ್ತದೆ.

ಸ್ಪೀಕರ್ ಕೇಬಲ್ಲಿನಲ್ಲಿ ನಾನು ಮೋಸ ಹೋದೆ. ಅಂಗಡಿಯವರು ‘ಪ್ಯೂರ್ ಕಾಪರ್’ ಅಂತಲೇ ಕೊಟ್ಟರು. ಎತ್ತಿದಾಗ ಹಗುರ ಅನ್ನಿಸಿತ್ತು, ಆದರೂ ಕೇಳಲಿಲ್ಲ. ಬೆಸುಗೆ ಹಾಕುವಾಗ ಸೀಸ ಸರಿಯಾಗಿ ಹಿಡಿಯಲಿಲ್ಲ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ತಾಮ್ರ ಸಾಗಿಸುವ ಕರೆಂಟಿನಲ್ಲಿ ಅಲ್ಯೂಮಿನಿಯಂ ಸಾಗಿಸುವುದು ಸುಮಾರು ಶೇ 60 ಮಾತ್ರ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ನೂರು ಮೀಟರ್ ಸುರುಳಿ, ಆಗಲೇ ಕತ್ತರಿಸಿದ್ದೆ, ಹಾಗಾಗಿ ವಾಪಸ್ ತೆಗೆದುಕೊಳ್ಳಲಿಲ್ಲ. ತುಂಬಾ ಬೇಜಾರಾಯಿತು. ದಯವಿಟ್ಟು ಕೊಳ್ಳುವ ಮುಂಚೆ ಅಲ್ಲೇ, ಅವರ ಎದುರಿಗೇ ಕೆರೆದು ನೋಡಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ.

ಆಮೇಲೆ 2.5 ಸ್ಕ್ವೇರ್ ಎಂಎಂ ಅಸಲಿ ತಾಮ್ರದ ಕೇಬಲ್ ತಂದೆ. ದಪ್ಪ ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಆಂಪ್ಲಿಫೈಯರಿನಿಂದ ಸ್ಪೀಕರ್ 30 ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರುವುದಕ್ಕೆ 60 ಮೀಟರ್ ತಾಮ್ರ. 1 ಸ್ಕ್ವೇರ್ ಎಂಎಂ ವೈರಿನಲ್ಲಿ ಅದರ ತಡೆ 1.1 ಓಮ್‌ನಷ್ಟು, 2.5ರಲ್ಲಿ 0.44 ಓಮ್. ಎರಡು 8 ಓಮ್ ಸ್ಪೀಕರ್ ಒಟ್ಟಿಗೆ ಹಾಕಿದರೆ 4 ಓಮ್ ಆಗುತ್ತದೆ. ಆಗ ತೆಳು ವೈರಿನಲ್ಲಿ ಸ್ಪೀಕರ್‌ಗೆ ತಲುಪುವುದು, ಆಂಪ್ಲಿಫೈಯರ್ ಪಕ್ಕದಲ್ಲೇ ಇಟ್ಟಿದ್ದರೆ ಸಿಗುತ್ತಿದ್ದ ಪವರಿನಲ್ಲಿ ಶೇ 60ರಷ್ಟು. ದಪ್ಪ ವೈರಿನಲ್ಲಿ ಶೇ 80. ಇನ್ನೂ ಒಳ್ಳೆಯದು ಆಂಪ್ಲಿಫೈಯರನ್ನೇ ಸ್ಪೀಕರ್ ಹತ್ತಿರ ಒಯ್ಯುವುದು. ಮಿಕ್ಸರಿನಿಂದ ಬರುವ ಬ್ಯಾಲೆನ್ಸ್ಡ್ ಲೈನ್ (ಮೇಲೆ ಹೇಳಿದ ಹಾಗೆ ಒಂದೇ ಸದ್ದು ಎರಡು ವೈರಿನಲ್ಲಿ ಹೋಗುವ ಲೈನ್) ಉದ್ದವಾದರೂ ಏನೂ ಆಗುವುದಿಲ್ಲ.

ಸ್ಪೀಕರ್ ಕೇಬಲ್ಲಿನ ತುದಿಗೆ ಹಾಕುವ ಕನೆಕ್ಟರ್ ಸ್ಪೀಕಾನ್ ಬಗ್ಗೆ ನನಗೆ ಒಳ್ಳೆಯ ಮಾತು ಬಿಟ್ಟು ಬೇರೇನೂ ಇಲ್ಲ. ಮುಂಚೆ ನಮ್ಮಲ್ಲಿ ಸ್ಪೀಕರಿಗೂ ಪಿ-38 ಜಾಕೇ ಇತ್ತು. ಗಿಟಾರಿಗೂ ಅದೇ, ಸ್ಪೀಕರಿಗೂ ಅದೇ. ಆಂಪ್ಲಿಫೈಯರ್ ಓಡುತ್ತಿರುವಾಗ ಅದನ್ನು ಸಿಕ್ಕಿಸಿದರೆ ಒಂದು ಕ್ಷಣ ಶಾರ್ಟ್ ಆಗುವ ಸಾಧ್ಯತೆ ಇರುತ್ತದೆ. ಎನ್‌ಎಲ್4 ಸ್ಪೀಕಾನ್ ಹಾಕಿ ತಿರುಗಿಸಿದರೆ ‘ಟಕ್’ ಅಂತ ಕೂರುತ್ತದೆ, ಯಾರೋ ಕಾಲು ಎಡವಿದರೂ ಬರುವುದಿಲ್ಲ. ಏಳು ವರ್ಷದಲ್ಲಿ ಹದಿನಾರು ಸ್ಪೀಕಾನ್‌ನಲ್ಲಿ ಒಂದೂ ಹೋಗಿಲ್ಲ. ಒಳಗಿನ ಸ್ಕ್ರೂ ಮಾತ್ರ ಗಾಡಿಯ ಕುಲುಕಾಟಕ್ಕೆ ಸಡಿಲವಾಗುತ್ತದೆ, ವರ್ಷಕ್ಕೊಮ್ಮೆ ಬಿಗಿ ಮಾಡಿ. ಕರೆಂಟಿಗೆ ಅದೇ ಥರದ ಕನೆಕ್ಟರ್ ಆದ ನೀಲಿ ಪವರ್‌ಕಾನ್ ಬಳಸುವವರು ಒಂದು ನೆನಪಿಡಿ: ಕರೆಂಟು ಹರಿಯುತ್ತಿರುವಾಗ ಅದನ್ನು ತೆಗೆಯುವಂತಿಲ್ಲ, ಮೊದಲು ಸ್ವಿಚ್ ಆಫ್ ಮಾಡಬೇಕು. ಹಾಗೆ ತೆಗೆಯಲು ಆಗುವುದು ನ್ಯೂಟ್ರಿಕ್ ಕಂಪನಿಯದೇ ಟ್ರೂ1.

ಸ್ಪೀಕರಿನಲ್ಲಿ ಹಮ್, ಅಂದರೆ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬಂದರೆ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಅಭ್ಯಾಸ ಇನ್ನೂ ಕೆಲವರಿಗಿದೆ. ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಮಳೆ ಬಿದ್ದ ಪೆಂಡಾಲಿನಲ್ಲಿ ಗಿಟಾರ್ ತಂತಿಯ ಮೇಲೆ ಕೈ ಇಟ್ಟ ಹುಡುಗ ಮೈಕಿಗೆ ತುಟಿ ತಾಗಿಸುತ್ತಾನೆ. ಏನಾಗಬಹುದು ಯೋಚಿಸಿ. ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಬಿಡಿಸುವ ಸ್ವಿಚ್) ಇರುವ ಒಂದು ಡಿಐ ಬಾಕ್ಸ್, ಅಂದರೆ ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಸಣ್ಣ ಪೆಟ್ಟಿಗೆ ಇಟ್ಟುಕೊಂಡರೆ ಕೀಬೋರ್ಡ್, ಲ್ಯಾಪ್‌ಟಾಪಿನ ಹಮ್ ಬಹುತೇಕ ಹೋಗುತ್ತದೆ. ಮಿಕ್ಸರ್, ಆಂಪ್ಲಿಫೈಯರ್, ಸ್ಟೇಜಿನ ಪ್ಲಗ್ಗು ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಿ. ಕ್ಯಾನನ್ ಪಿನ್ನಿನ ಲೋಹದ ಕವಚಕ್ಕೆ 1ನೇ ಪಿನ್ನಿನಿಂದ ವೈರು ಸೇರಿಸುವುದೂ ಬೇಡ, ಹೊಸ ಹಮ್ ಶುರುವಾಗುತ್ತದೆ.

ಎರಡು ವರ್ಷದಿಂದ ದೊಡ್ಡ ಕಾರ್ಯಕ್ರಮಗಳಿಗೆ ಎಲ್ಲ ಮೈಕಿನ ವೈರೂ ಒಟ್ಟಿಗಿರುವ ದಪ್ಪ ಮಲ್ಟಿಕೋರ್ ಬಿಟ್ಟು, ಮೈಕುಗಳನ್ನೆಲ್ಲ ಸಿಕ್ಕಿಸುವ ಸ್ಟೇಜ್ ಬಾಕ್ಸ್, ಅಲ್ಲಿಂದ ಮಿಕ್ಸರಿಗೆ ಒಂದೇ ನೆಟ್‌ವರ್ಕ್ ಕೇಬಲ್ ಬಳಸುತ್ತಿದ್ದೇನೆ. ಇಬ್ಬರು ಹೊರುತ್ತಿದ್ದ ಭಾರ ಒಂದು ಕೈಗೆ ಬಂದಿದೆ. ಆದರೆ ಮನೆಗೆ ಇಂಟರ್ನೆಟ್ ಹಾಕುವ ಕೇಬಲ್ ಇದಕ್ಕೆ ಆಗುವುದಿಲ್ಲ. ಅದರೊಳಗಿರುವುದು ಗಟ್ಟಿ ಒಂಟಿ ತಂತಿ, ನಾಲ್ಕಾರು ತಿಂಗಳು ಸುತ್ತಿ ಬಿಚ್ಚಿದರೆ ಒಳಗೇ ಮುರಿಯುತ್ತದೆ. ಎಳೆಎಳೆ ತಂತಿಯ, ಶೀಲ್ಡ್ ಇರುವ ಕ್ಯಾಟ್ 5ಇ ಬೇಕು. ತುದಿಗೆ ಈಥರ್‌ಕಾನ್ ಲೋಹದ ಕವಚ ಹಾಕಿಸಿ. ಬರೀ ಪ್ಲಾಸ್ಟಿಕ್ ಪ್ಲಗ್ಗಿನ ಕೊಕ್ಕೆ ನಮಗೆ ಎರಡನೇ ಕಾರ್ಯಕ್ರಮದಲ್ಲೇ ಮುರಿಯಿತು. ಇಲ್ಲೂ ಹೋಗಿದ್ದು ತುದಿಯೇ ನೋಡಿ.

ಸುತ್ತುವ ರೀತಿ ಬದಲಾದ ಮೇಲೆ ರಿಪೇರಿ ಅರ್ಧಕ್ಕೆ ಇಳಿಯಿತು. ಪೆಂಡಾಲಿನವರು ಹಗ್ಗ ಸುತ್ತುವ ಹಾಗೆ ಅಂಗೈಗೂ ಮೊಣಕೈಗೂ ಸುತ್ತಬೇಡಿ. ಪ್ರತಿ ಸುತ್ತಿಗೂ ಒಳಗಿನ ವೈರು ತಿರುಚಿಕೊಳ್ಳುತ್ತದೆ. ಒಂದು ಸುತ್ತು ಸಹಜವಾಗಿ, ಮುಂದಿನ ಸುತ್ತು ಮಣಿಕಟ್ಟು ಒಳಗೆ ತಿರುಗಿಸಿ. ನಮ್ಮ ಹುಡುಗರಿಗೆ ಕಲಿಸಲು ಒಂದು ವಾರ ಬೇಕಾಯಿತು. ಈಗ ಅವರೇ ಹೊಸಬರಿಗೆ, “ಹಾಗಲ್ಲ ಕಣೋ, ವೈರ್‌ನ ಕೇಳು, ಅದೇ ಹೇಳುತ್ತೆ ಎಲ್ಲಿ ತಿರುಗಬೇಕು ಅಂತ” ಅನ್ನುತ್ತಾರೆ. ನೆಲಕ್ಕೆ ಅಂಟಿಸಲು ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಬೇಡ, ಗಮ್ ಕೇಬಲ್ಲಿನ ಮೇಲೇ ಉಳಿದು ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ. ಈಗಾಗಲೇ ಮೆತ್ತಿದ್ದರೆ ಬಟ್ಟೆಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಒರೆಸಿ, ಬಿಟ್ಟುಕೊಳ್ಳುತ್ತದೆ.

ಆಷಾಢದಲ್ಲಿ ಕಾರ್ಯಕ್ರಮ ಕಡಿಮೆ. ಪ್ರತಿ ವರ್ಷ ಆಗಲೇ ಎಲ್ಲ ಕೇಬಲ್ ಹೊರಗೆ ತೆಗೆದು, ಟೆಸ್ಟರಿಗೆ ಹಾಕಿ, ಎರಡೂ ತುದಿ ಅಲ್ಲಾಡಿಸಿ ನೋಡುತ್ತೇನೆ. ಸುಮ್ನೆ ದೀಪ ಹತ್ತಿದರೆ ಸಾಲದು, ಅಲ್ಲಾಡಿಸುವಾಗಲೂ ಆರಬಾರದು. ಈ ಸಲ ಹದಿನೈದು ಜೊತೆ ಎಕ್ಸ್‌ಎಕ್ಸ್ ಪಿನ್, ಜೊತೆಗೆ ಬಣ್ಣದ ಬೂಟುಗಳನ್ನೂ ತರುತ್ತಿದ್ದೇನೆ. ಹತ್ತು ಮೀಟರಿನದಕ್ಕೆ ಕೆಂಪು, ಐದು ಮೀಟರಿನದಕ್ಕೆ ಹಳದಿ. ಸತ್ತುಹೋದ ರೆಡಿಮೇಡ್ ಕೇಬಲ್ಲುಗಳನ್ನು ನಾನು ಎಸೆದಿರಲಿಲ್ಲ. ಅದರಲ್ಲಿ ಹನ್ನೊಂದರ ವೈರು ಇನ್ನೂ ಚೆನ್ನಾಗಿದೆ. ತುದಿ ಒಂದು ಗೇಣು ಕತ್ತರಿಸಿ, ಮೊದಲು ಅವಕ್ಕೇ ಹೊಸ ಪಿನ್ ಹಾಕುತ್ತೇನೆ.